ಹಸಿ ಗೋಡೆಗೆ ಹೇಳಿದ ಹೆಸರು

ಆ ವಿಡಿಯೋವನ್ನು ನೀವಿಬ್ಬರೂ ನೋಡಿದ್ದೀರಿ. ಕತ್ತಲೆಯ ಮನೆಯೊಂದರಲ್ಲಿ ನಿಮ್ಮ ಅಜ್ಜಿ ಗೋಡೆಗೆ ಮುಖ ಮಾಡಿ ಕುಕ್ಕರುಗಾಲಲ್ಲಿ ಕೂತಿದ್ದಾಳೆ. ಪಕ್ಕದಲ್ಲಿ ಕೀನ್ಯಾದ ಮಸಾಯಿ ಜನರ ಒಬ್ಬ ಮುದುಕಿ. ಅಜ್ಜಿ ಏನೋ ಹೇಳುತ್ತಾಳೆ, ಮುದುಕಿ ಅವಳ ಅಂಗೈಗೆ ಉಗುಳುತ್ತಾಳೆ, ನೋಡಿದವರೆಲ್ಲ ನಗುತ್ತಾರೆ. ನೀವೂ ನಕ್ಕಿರಿ. ಚಿಕ್ಕವರು, ನಗುವ ವಯಸ್ಸು. ಆದರೆ ಆ ದಿನ ನಡೆದದ್ದೇನು ಎಂದು ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಾಲ್ಕು ಜನರ ಮುಂದೆ ಮಾತು ಹೊರಡದ ಹೆಂಗಸು ನಾನು. ಊರಿನ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ, ಅದರಲ್ಲೇ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ತಡವರಿಸುತ್ತೀರಿ. ಶನಿವಾರದ ಕನ್ನಡ ಕ್ಲಾಸಿನ ಟೀಚರ್ ಕೈಲಿ ಓದಿಸಿಕೊಳ್ಳಿ. ನಿಮ್ಮ ಅಮ್ಮನ ಕೈಲಿ ಬೇಡ.

ನಮ್ಮೂರಿನಲ್ಲಿ ಹೆಂಡತಿಯಾದವಳು ಗಂಡನ ಹೆಸರು ಹೇಳುತ್ತಿರಲಿಲ್ಲ. ನಿಮ್ಮ ತಾತ ಬಸ್ ಕಂಡಕ್ಟರು. ದಿನವಿಡೀ ಊರೂರುಗಳ ಹೆಸರು ಕೂಗುವುದೇ ಅವರ ಕೆಲಸ, ಅವರ ಹೆಸರು ಮಾತ್ರ ಅವರ ಮನೆಯಲ್ಲೇ ಕೇಳುತ್ತಿರಲಿಲ್ಲ. ನಾನು ‘ಏನೂಂದ್ರೆ’ ಎನ್ನುತ್ತಿದ್ದೆ, ಅವರು ತಿರುಗುತ್ತಿದ್ದರು. ರೇಷನ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ ‘ಯಜಮಾನರ ಹೆಸರೇನಮ್ಮಾ’ ಎಂದು ಕೇಳಿದರೆ ನಿಮ್ಮ ಅಮ್ಮನನ್ನು ಮುಂದಕ್ಕೆ ತಳ್ಳುತ್ತಿದ್ದೆ. ಎರಡು ಜಡೆಯ ಹುಡುಗಿ, ಕೌಂಟರಿನ ಕಟ್ಟೆಯ ಮೇಲೆ ಬರೀ ಮೂಗು ಕಣ್ಣು ಕಾಣುತ್ತಿದ್ದವು. ಶಾಲೆಯಲ್ಲಿ ಹಾಜರಿ ಹೇಳುವ ಹಾಗೆ ಗಟ್ಟಿಯಾಗಿ ಅಪ್ಪನ ಹೆಸರು ಹೇಳಿ ನನ್ನ ಮುಖ ನೋಡಿ ನಗುತ್ತಿದ್ದಳು. ನನ್ನ ಬಾಯಿ ಅವಳೇ ಆಗಿದ್ದಳು. ತಾತ ತೀರಿಕೊಂಡಾಗ ಪುರೋಹಿತರು ಹೆಸರು ಕೇಳಿದರು, ಆಗಲೂ ಅವಳೇ ಹೇಳಿದಳು. ಈ ವಿಷಯ ಅವಳಿಗೆ ಗೊತ್ತಿದ್ದಷ್ಟು ಇನ್ಯಾರಿಗೂ ಗೊತ್ತಿರಲಿಲ್ಲ. ಅದಕ್ಕೇ ಹೇಳುತ್ತಿದ್ದೇನೆ.

ನಾವು ನಮ್ಮ ಪ್ಲೆಸೆಂಟನ್ ಮನೆಯಿಂದ ಕೀನ್ಯಾಕ್ಕೆ ಹೋದದ್ದು ನಿಮ್ಮ ಬೇಸಿಗೆ ರಜೆಯಲ್ಲಿ. ಸಿಂಹ, ಆನೆ ನೋಡುವ ದಿನಗಳ ನಡುವೆ ಒಂದು ದಿನ ಮಸಾಯಿ ಹಳ್ಳಿಗೆಂದು ಇಟ್ಟಿದ್ದರು. ಹಳ್ಳಿ ನೋಡಲು ಟಿಕೆಟ್ಟೇ ಎಂದು ನನಗೆ ನಗು ಬಂದಿತ್ತು. ಮುಳ್ಳಿನ ಬೇಲಿ, ಒಳಗೆ ಸುತ್ತಲೂ ತಗ್ಗು ಮನೆಗಳು, ನಡುವೆ ದನ ಕೂಡುವ ಜಾಗ. ಬೇಲಿಯ ಬಾಯಲ್ಲೇ ಹೆಂಗಸರು ಹಾಡುತ್ತ ಬಂದು ನಮ್ಮ ಕೊರಳಿಗೆ ಮಣಿಸರ ಹಾಕಿದರು. ನನ್ನ ಕೊರಳು ಖಾಲಿಯಾಗಿ ಎಷ್ಟೋ ವರ್ಷವಾಗಿತ್ತು, ಸಂಕೋಚದಿಂದ ತಲೆ ಬಗ್ಗಿಸಿದೆ. ಗಂಡಸರು ಎಗರಿ ಎಗರಿ ಕುಣಿದರು. ನೀವಿಬ್ಬರೂ ಅವರ ಜೊತೆ ಎಗರಿದಿರಿ. ಕಡ್ಡಿ ಉಜ್ಜಿ ಬೆಂಕಿ ಮಾಡಿ ತೋರಿಸಿದರು. ನಿಮ್ಮ ಅಪ್ಪ ತಾವೂ ಉಜ್ಜಿ ಉಜ್ಜಿ ಬೆವೆತರು, ಹೊಗೆಯೂ ಬರಲಿಲ್ಲ.

“ಮನೇಲಿ ಬಾರ್ಬೆಕ್ಯೂ ಹಚ್ಚೋಕೇ ಎರಡು ಲೈಟರ್ ಬೇಕು ಇವ್ರಿಗೆ,” ಎಂದಳು ನಿಮ್ಮ ಅಮ್ಮ.

“ನೀನು ಸುಮ್ನೆ ಇದ್ರೆ ಹತ್ಕೊಳ್ಳುತ್ತೆ,” ಎಂದರು ಅವರು.

ನಮ್ಮನ್ನು ಕರೆದೊಯ್ದ ಗೈಡು ಅದೇ ಜನದವನು. ಕೆಂಪು ಬಟ್ಟೆ ಹೊದ್ದಿದ್ದ, ಇಂಗ್ಲಿಷು ಚೆನ್ನಾಗಿ ಆಡುತ್ತಿದ್ದ. ಹೊರಗೆ ಎಷ್ಟು ಬೇಕಾದರೂ ಫೋಟೋ ತೆಗೆಯಿರಿ, ಮನೆಗಳ ಒಳಗೆ ಮಾತ್ರ ಮನೆಯವರನ್ನು ಕೇಳಿ ಎಂದು ಬೇಲಿಯ ಹತ್ತಿರವೇ ಹೇಳಿದ್ದನಂತೆ. ನಿಮ್ಮ ಅಮ್ಮನೇ ಅದನ್ನು ನನಗೆ ಕನ್ನಡದಲ್ಲಿ ತಿಳಿಸಿದ್ದಳು.

ಎಲ್ಲರೂ ಮಣಿಸರ ಮಾರುವ ಕಡೆ ಹೋದಾಗ ನನಗೆ ಸಗಣಿಯ ವಾಸನೆ ಬಂತು. ಹಸಿ ಸಗಣಿ, ಕಲಸಿದ್ದು. ಒಂದು ಮನೆಯೊಳಗೆ ಮುದುಕಿಯೊಬ್ಬಳು ಗೋಡೆಯ ಬಿರುಕಿಗೆ ಸಗಣಿ ಮಣ್ಣು ಮೆತ್ತುತ್ತಿದ್ದಳು. ಅಲ್ಲಿ ಮನೆ ಕಟ್ಟುವುದೂ ಮೆತ್ತುವುದೂ ಹೆಂಗಸರದೇ ಕೆಲಸ. ಬಾಗಿ ಒಳಗೆ ಹೋದೆ. ಗೈಡು ಹಿಂದೆಯೇ ಬಂದ, ಅವನ ಹಿಂದೆ ನಿಮ್ಮ ಅಮ್ಮ. ಮುದುಕಿ ಹೇಳಿದ್ದನ್ನು ಅವನು ಇಂಗ್ಲಿಷಿನಲ್ಲಿ ಹೇಳುತ್ತಿದ್ದ, ಅದನ್ನು ನಿಮ್ಮ ಅಮ್ಮ ಕನ್ನಡಕ್ಕೆ ತಂದು ನನಗೆ ಹೇಳುತ್ತಿದ್ದಳು. ಒಳಗೆ ಕಣ್ಣು ಕಾಣದಷ್ಟು ಕತ್ತಲೆ, ಒಲೆಯ ಹೊಗೆ. ನಿಮ್ಮ ಅಮ್ಮ ಫೋನಿನ ದೀಪ ಹಚ್ಚಿ ಮೊಣಕಾಲ ಮೇಲೆ ಹಿಡಿದುಕೊಂಡಳು.

ಸುಮ್ಮನಿರಲಾಗದೆ ನಾನೂ ಕೈ ಹಾಕಿದೆ. ಪಕ್ಕದಲ್ಲಿ ಸಣ್ಣ ಡಬ್ಬಿಯಲ್ಲಿ ನೀರಿತ್ತು. ಅಂಗಳ ಸಾರಿಸುವ ಅಭ್ಯಾಸದಲ್ಲಿ ಅಷ್ಟೂ ನೀರು ಸುರಿದು ತೆಳ್ಳಗೆ ಮಾಡಿ ಬಳಿದೆ. ಅದು ಗೋಡೆಯಿಂದ ಜಾರಿ ನನ್ನ ಸೀರೆಯ ಮೇಲೇ ಬಂತು. ಆಕೆ ಹಣೆ ಚಚ್ಚಿಕೊಂಡು ನಗತೊಡಗಿದಳು.

“ಏನಂತಾಳೆ?” ಎಂದೆ.

“ನೀರು ಹೊತ್ಕೊಂಡು ಬರೋಕೆ ಎಷ್ಟು ದೂರ ಹೋಗ್ಬೇಕು ಗೊತ್ತಾ, ಗೋಡೆಗೆ ಸ್ನಾನ ಮಾಡಿಸ್ತಿದೀಯ ಅಂತಿದಾರೆ.”

ಆಕೆ ನನ್ನ ಕೈ ಹಿಡಿದು ಗಟ್ಟಿ ಉಂಡೆ ಕೊಟ್ಟು ಮೆತ್ತುವುದನ್ನು ತೋರಿಸಿದಳು. ಆಗ ನನ್ನ ಬೋಳು ಮಣಿಕಟ್ಟನ್ನು ಮುಟ್ಟಿ ನೋಡಿದಳು. ತನ್ನ ಕಿವಿಯನ್ನು ತೋರಿಸಿದಳು. ದೊಡ್ಡ ತೂತುಗಳು ಖಾಲಿಯಾಗಿ ಜೋತುಬಿದ್ದಿದ್ದವು. ಗಂಡ ಸತ್ತಾಗ ಓಲೆ ತೆಗೆದದ್ದಂತೆ. ನಾನೂ ತಲೆಯಾಡಿಸಿದೆ. ಅದಕ್ಕೆ ಯಾರೂ ಇಂಗ್ಲಿಷು ಕನ್ನಡ ಮಾಡಬೇಕಾಗಿರಲಿಲ್ಲ.

ಸತ್ತವರ ಹೆಸರು ತಮ್ಮಲ್ಲಿ ಹೇಳುವುದಿಲ್ಲ ಎಂದಳು. ನಮ್ಮಲ್ಲಿ ಗಂಡನ ಹೆಸರು ಬದುಕಿದ್ದಾಗಲೂ ಹೇಳುವುದಿಲ್ಲ ಎಂದು ನಾನು ಹೇಳಿಸಿದೆ. ಆಕೆಗೆ ನಂಬಿಕೆ ಬರಲಿಲ್ಲ. ಗೈಡನ್ನು ಮತ್ತೆ ಮತ್ತೆ ಕೇಳಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಹಾಗಾದ್ರೆ ಹಿಂದಿನಿಂದ ಹಾವು ಬಂದ್ರೆ ಹೆಂಗೆ ಕರೀತಿದ್ದೆ ಅಂತ ಕೇಳ್ತಿದಾರೆ ಅಮ್ಮ.”

“ಏನೂಂದ್ರೆ ಹಾವು, ಅಂತಿದ್ದೆ ಅನ್ನು.”

ನಾವು ನಾಲ್ವರೂ ನಕ್ಕೆವು. ನಗು ನಿಂತ ಮೇಲೆ ಆಕೆ ಗೋಡೆಯ ಹಸಿ ಭಾಗವನ್ನು ತೋರಿಸಿದಳು. ಒಂದು ಸಲ ಅಲ್ಲಿ ಹೇಳಿಬಿಡು, ಮೇಲೆ ನಾನು ಮೆತ್ತಿಬಿಡುತ್ತೇನೆ, ಹೊರಗೆ ಹೋಗುವುದಿಲ್ಲ ಎಂದಳು. ಅದು ಅವರ ಪದ್ಧತಿಯೋ, ಆ ಗಳಿಗೆಗೆ ಆಕೆಗೆ ತೋಚಿದ ತಮಾಷೆಯೋ ನನಗೆ ತಿಳಿಯದು. ನಾನು ಹೇಳುವ ಮೊದಲು ಆಕೆ ಫೋನಿನ ಬೆಳಕಿನ ಕಡೆ ತಿರುಗಿ ಏನೋ ಕೇಳಿದಳು. ಗೈಡು ಅದನ್ನು ನಿಮ್ಮ ಅಮ್ಮನಿಗೆ ಹೇಳಿದ. ಫೋಟೋ ತೆಗೆಯುತ್ತಿದ್ದೀರಾ ಎಂದು.

“ನೋ ನೋ, ಓನ್ಲಿ ಲೈಟ್,” ಎಂದಳು ನಿಮ್ಮ ಅಮ್ಮ.

ಅಷ್ಟು ಇಂಗ್ಲಿಷು ನನಗೂ ತಿಳಿಯುತ್ತದೆ.

ನಾನು ಗೋಡೆಗೆ ಮುಖವಿಟ್ಟು ನಿಮ್ಮ ತಾತನ ಹೆಸರು ಹೇಳಿದೆ. ಜೀವಮಾನದಲ್ಲಿ ಮೊದಲ ಸಲ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅವರು ಹೋದ ದಿನ ಜನರ ನಡುವೆ ಕೂತು ಅಳಲಾಗದೆ ಉಳಿದಿದ್ದ ಅಳು ಅಲ್ಲಿ ಬಂದುಬಿಟ್ಟಿತು. ಆಕೆ ಆ ಜಾಗದ ಮೇಲೆ ಒಂದು ಹಿಡಿ ಸಗಣಿ ಮೆತ್ತಿ ನುಣ್ಣಗೆ ಸವರಿದಳು. ಆಮೇಲೆ ತನ್ನ ಅಂಗೈಗೆ ಉಗುಳಿಕೊಂಡು, ನನ್ನ ಅಂಗೈಗೂ ಮೆಲ್ಲಗೆ ಉಗುಳಿ, ಕೈ ಹಿಡಿದಳು. ಎಂಜಲಾದೀತೆಂದು ಲೋಟವನ್ನೂ ತುಟಿಗೆ ತಾಗಿಸದೆ ಎತ್ತಿ ಕುಡಿಯುವ ಮನೆಯಲ್ಲಿ ಬೆಳೆದವಳು ನಾನು. ಹಿರಿಯರು ಹರಸುವುದು ಹೀಗೆ ಎಂದು ಗೈಡು ಹೇಳಿದ. ನಾನು ಕೈ ಬಿಡಿಸಿಕೊಳ್ಳಲಿಲ್ಲ. ಇಲ್ಲಿ ಹೇಳಿದ್ದು ಇಲ್ಲೇ ಇರಲಿ ಎಂದಳು ಆಕೆ. ಇಲ್ಲೇ ಇರಲಿ ಎಂದು ನಾನೂ ಮಾತು ಕೊಟ್ಟೆ. ಆ ಮಾತನ್ನೂ ಇಂಗ್ಲಿಷು ಮಾಡಿ ಹೇಳಿದವಳು ನಿಮ್ಮ ಅಮ್ಮನೇ.

ವಾಪಸು ಬಂದ ಮೇಲೆ ಪಕ್ಕದೂರು ಡ್ಯಾನ್‌ವಿಲ್‌ನಲ್ಲಿ ನಿಮ್ಮ ಅಮ್ಮನ ಸ್ನೇಹಿತೆಯ ಮನೆಯಲ್ಲಿ ಪಾಟ್‌ಲಕ್ ಊಟ, ಎಲ್ಲರೂ ಒಂದೊಂದು ಅಡುಗೆ ತರುವುದು. ನಾನು ಚಿತ್ರಾನ್ನ ಮಾಡಿಕೊಂಡು ಹೋಗಿದ್ದೆ. ಊಟವಾದ ಮೇಲೆ ಗೋಡೆಯಗಲದ ಟೀವಿಯಲ್ಲಿ ನಮ್ಮ ಪ್ರವಾಸ ಹಾಕಿದಳು. ಜಿರಾಫೆ ಬಂತು, ನೀವು ಎಗರಿದ್ದು ಬಂತು, ಬೆಂಕಿ ಹತ್ತದ ನಿಮ್ಮ ಅಪ್ಪ ಬಂದರು, ಎಲ್ಲರೂ ಕೈ ತಟ್ಟಿದರು. ಆಮೇಲೆ ಕತ್ತಲೆ. ಕತ್ತಲೆಯಲ್ಲಿ ಒಂದು ಬೆನ್ನು. ಯಾರದಪ್ಪಾ ಎಂದು ನಾನೂ ಕತ್ತು ಚಾಚಿದೆ. ಸೀರೆ ಗುರುತು ಸಿಗುವಷ್ಟರಲ್ಲಿ ನಿಮ್ಮ ತಾತನ ಹೆಸರು ಆ ಮನೆಯ ನಾಲ್ಕು ಮೂಲೆಗೂ ಕೇಳಿಸಿತು, ನನ್ನದೇ ದನಿಯಲ್ಲಿ.

“ಅಯ್ಯೋ, ಸೋ ಸ್ವೀಟ್ ಆಂಟಿ!” ಎಂದರು ಯಾರೋ.

“ಉಗುಳಿದ್ರಾ? ಕೈಗೇ ಉಗುಳಿದ್ರಾ? ಆಂಟಿ, ಸ್ಯಾನಿಟೈಸರ್ ಇತ್ತಾ?” ಎಂದು ಇನ್ನೊಬ್ಬರು. ಜೋರು ನಗೆ.

“ಅಮ್ಮ ಅವತ್ತಿನವರೆಗೂ ಅಪ್ಪನ ಹೆಸರು ಹೇಳಿದ್ದೇ ಇಲ್ಲ, ಗೊತ್ತಾ? ಫಸ್ಟ್ ಟೈಮ್,” ಎಂದು ನಿಮ್ಮ ಅಮ್ಮ ಎಲ್ಲರಿಗೂ ವಿವರಿಸುತ್ತಿದ್ದಳು. ಅವಳ ಕಣ್ಣು ಒದ್ದೆಯಾಗಿತ್ತು. ಅದು ಸುಳ್ಳಲ್ಲ ಎಂದು ನನಗೆ ಗೊತ್ತು. ಹಿಂದುಗಡೆ ಕೂತಿದ್ದ ಯಾರೋ ಮತ್ತೊಮ್ಮೆ ಹಾಕಿ ಎಂದರು. ಅವಳು ಮತ್ತೊಮ್ಮೆ ಹಾಕಿದಳು. ನಾನು ಅಡುಗೆಮನೆಗೆ ಹೋಗಿ ಚಿತ್ರಾನ್ನದ ಪಾತ್ರೆ ಉಜ್ಜತೊಡಗಿದೆ. ಅಲ್ಲಿಗೂ ಕೇಳಿಸಿತು.

ಫ್ರೀವೇಯಲ್ಲಿ ಬರುವಾಗ ಹಿಂದಿನ ಸೀಟಿನಲ್ಲಿ ನಿಮ್ಮ ನಡುವೆ ಕೂತಿದ್ದೆ.

“ದೀಪ ಅಂದಿದ್ದೆಯಲ್ಲೇ,” ಎಂದೆ.

“ದೀಪಾನೂ ಆನ್ ಇತ್ತು ಅಮ್ಮ.”

“ಆಯಮ್ಮ ಕೇಳಿದ್ರೆ ಇಲ್ಲ ಅಂದ್ಯಲ್ಲ.”

“ಕೇಳಿದ್ರೆ ಬೇಡ ಅಂತಿದ್ರು. ಎಂಥಾ ಮೊಮೆಂಟು ಅದು! ಮಕ್ಕಳಿಗೆ ತಾತ ನೆನಪಿಲ್ಲ. ಇದಾದ್ರೂ ಇರ್ಲಿ ಅಂತ.”

“ಮಕ್ಕಳಿಗೆ ತಾನೆ? ಊರಿಗೆಲ್ಲ ಯಾಕೆ ತೋರ್ಸಿದೆ?”

“ನಾಚ್ಕೊಳ್ಳೋದು ಏನಿದೆ ಅದ್ರಲ್ಲಿ? ಎಲ್ರೂ ಎಷ್ಟು ಮೆಚ್ಕೊಂಡ್ರು ನೋಡಿದ್ಯಾ?”

ಆಗ ನಿಮ್ಮಲ್ಲಿ ದೊಡ್ಡವನು, “ಅಜ್ಜಿ, ಇಟ್ ವಾಸ್ ಕ್ಯೂಟ್,” ಎಂದು ನನ್ನ ಭುಜ ತಟ್ಟಿದ. ಚಿಕ್ಕವಳು ನನ್ನ ದನಿ ಅನುಕರಿಸಿ ತಾತನ ಹೆಸರು ಹೇಳಿದಳು. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಅದನ್ನು ನಿಮ್ಮ ಕೈಗೆ ಕೊಟ್ಟವರ ಮೇಲೆ ಇದೆ.

ಆ ವಿಷಯ ಅಷ್ಟಕ್ಕೇ ಮುಗಿದಿದ್ದರೆ ಬಹುಶಃ ನುಂಗಿಕೊಳ್ಳುತ್ತಿದ್ದೆ. ನಾಚಿಕೆ ನನ್ನೊಬ್ಬಳದು. ಆದರೆ ಮರುವರ್ಷ ಲಾಸ್ ಆಲ್ಟೋಸ್‌ನ ಒಂದು ಕುಟುಂಬ ಅದೇ ಹಳ್ಳಿಗೆ ಹೋಗಿಬಂತು. ಆ ದಿನ ಟೀವಿ ಮುಂದೆ ಕೂತಿದ್ದವರೇ. ಬಂದವರು ನನಗೊಂದು ಮಣಿಯ ಬಳೆ ತಂದುಕೊಟ್ಟು ಫೋನು ಮುಂದೆ ಹಿಡಿದರು.

“ನೋಡಿ ಆಂಟಿ, ನಿಮ್ಮ ಫ್ರೆಂಡು!”

ಅದೇ ಮುದುಕಿ. ಈ ಸಲ ಮನೆಯ ಒಳಗಲ್ಲ, ಹೊರಗೆ, ಬಿಸಿಲಲ್ಲಿ. ಹೊರಗೋಡೆಗೆ ಒಂದಿಷ್ಟು ಹಸಿ ಸಗಣಿ ಬಳಿದಿತ್ತು. ನಮ್ಮವರು ಸಾಲಾಗಿ ನಿಂತಿದ್ದರು. ಒಬ್ಬೊಬ್ಬರೇ ಗೋಡೆಯ ಹತ್ತಿರ ಬಗ್ಗಿ ಹೆಸರು ಹೇಳುತ್ತಿದ್ದರು. ಒಬ್ಬ ತನ್ನ ಮ್ಯಾನೇಜರ್ ಹೆಸರು ಕೂಗಿದ, ಉಳಿದವರು ಕೇಕೆ ಹಾಕಿದರು. ಆಕೆ ಮೇಲೆ ಸಗಣಿ ಸವರಿ, ಮುಂದೆ ಬಂದ ಕೈಗೆ ಉಗುಳಿ, ಮುಂದಿನವರ ಕಡೆ ತಿರುಗುತ್ತಿದ್ದಳು. ಮುಖದಲ್ಲಿ ನಗುವಿರಲಿಲ್ಲ. ಗೋಡೆಗೆ ಸ್ನಾನ ಮಾಡಿಸಿದ್ದಕ್ಕೆ ಹಣೆ ಚಚ್ಚಿಕೊಂಡ ಮುಖ ಅದಲ್ಲ.

“ಇದನ್ನ ಎಲ್ಲರಿಗೂ ಮಾಡ್ತಾರಾ ಅಲ್ಲಿ?” ಎಂದೆ.

“ಇಲ್ಲ ಆಂಟಿ, ಪ್ಯಾಕೇಜಲ್ಲಿ ಇರ್ಲಿಲ್ಲ. ನಿಮ್ಮ ಮಗಳು ಕಳಿಸಿದ್ದ ವಿಡಿಯೋ ಫೋನಲ್ಲಿತ್ತಲ್ಲ, ಗೈಡ್‌ಗೆ ತೋರಿಸಿ ನಮಗೂ ಇದು ಬೇಕು ಅಂತ ಕೇಳಿದ್ವಿ. ಈಗ ಬರೋರಿಗೆಲ್ಲ ಇದೂ ಸೇರಿಸ್ತೀವಿ ಅಂದ್ರು.”

“ಆಯಮ್ಮ ಆ ವಿಡಿಯೋ ನೋಡಿದ್ಲಾ?”

“ಪೂರ್ತಿ ನೋಡಿದ್ರು. ನಿಮ್ಮನ್ನ ಗುರ್ತು ಹಿಡಿದ್ರು ಆಂಟಿ! ಏನೋ ಅಂದ್ರು.”

“ಏನಂದ್ಲು?”

“ಗೈಡ್ ಹೇಳ್ಲಿಲ್ಲ. ಬಿಡಿ ಬಿಡಿ ಅಂತ ನಕ್ಕುಬಿಟ್ಟ.”

ನಿಮ್ಮ ಅಮ್ಮ ಅಲ್ಲೇ ಇದ್ದಳು. ಕಾಫಿ ಲೋಟಗಳನ್ನು ಟ್ರೇಗೆ ಜೋಡಿಸುತ್ತ ತಲೆ ಎತ್ತಲಿಲ್ಲ.

ಅವರು ಹೋದ ಮೇಲೆ ನಾನು ಅವಳನ್ನು ಕೇಳಿದ್ದು ಒಂದೇ. “ನಂಗೆ ಗೊತ್ತಿರ್ಲಿಲ್ಲ ಅಂತ ಆಯಮ್ಮನಿಗೆ ಹೇಳಿಕಳಿಸು. ಮಾತು ತಪ್ಪಿದ್ದು ನಾನಲ್ಲ ಅಂತ.”

“ಯಾರ ಹತ್ರ ಹೇಳಿಕಳಿಸ್ಲಿ ಅಮ್ಮ? ಗೈಡ್ ನಂಬರೂ ಇಲ್ಲ. ಅವ್ರಿಗೆ ದಿನಾ ಎಷ್ಟು ಜನ ಬರ್ತಾರೆ, ನಿನ್ನ ನೆನಪು ಇಟ್ಕೊಂಡಿರ್ತಾರಾ?”

“ಗುರ್ತು ಹಿಡಿದ್ಲಂತಲ್ಲೇ.”

ಅವಳು ಲೋಟಗಳ ಟ್ರೇಯನ್ನು ಸಿಂಕಿನ ಹತ್ತಿರ ಇಟ್ಟಳು. ಅಲ್ಲಿಂದಲೇ, “ಸಾರಿ ಅಮ್ಮ. ಆದ್ರೆ ಒಂದು ಥರ ಅವ್ರಿಗೂ ಒಳ್ಳೇದೇ ಆಯ್ತಲ್ಲ, ನಾಲ್ಕು ಕಾಸು ಬರುತ್ತೆ,” ಎಂದಳು. ‘ಸಾರಿ’ಯ ಬೆನ್ನಿಗೇ ‘ಆದ್ರೆ’ ಇತ್ತು. ನಾನು ಎದ್ದು ನನ್ನ ರೂಮಿಗೆ ಹೋದೆ.

ಆಕೆಗೆ ಒಳ್ಳೆಯದಾಯಿತೋ ಕೆಟ್ಟದಾಯಿತೋ ಹೇಳಲು ನಾನ್ಯಾರು. ನನಗೆ ಗೊತ್ತಿರುವುದು ಇಷ್ಟು. ನನ್ನ ಮಾತು ನಂಬಿ ಆಕೆ ಬಾಗಿಲೊಳಗೆ ಇಟ್ಟಿದ್ದನ್ನು ನಮ್ಮ ಮನೆಯ ಫೋನು ಬೀದಿಗೆ ತಂದಿತು. ಫೋನಿನಲ್ಲಿ ನನ್ನ ಬೆನ್ನು ನೋಡಿ ಆಕೆ ಏನೆಂದಳೋ, ಅದನ್ನು ಕನ್ನಡಕ್ಕೆ ತಂದು ಹೇಳುವವರು ಯಾರೂ ಇಲ್ಲ. ಹೇಳಲು ಇದ್ದ ಒಬ್ಬಳನ್ನು ನಾನು ಇನ್ನು ನಂಬಲಾರೆ.

ಒಂದೇ ಮನೆಯಲ್ಲಿದ್ದೇವೆ, ಜಗಳವಿಲ್ಲ. ಅವಳು ಆಫೀಸಿಗೆ ಹೊರಡುವಾಗ ಡಬ್ಬಿ ಕಟ್ಟಿಕೊಡುತ್ತೇನೆ. ನನ್ನ ಮಾತ್ರೆ ಅವಳೇ ತೆಗೆದಿಡುತ್ತಾಳೆ. ಈಚೆಗೆ ಭಾನುವಾರಗಳಲ್ಲಿ ಪಕ್ಕದಲ್ಲಿ ಬಂದು ಕೂರುತ್ತಾಳೆ. “ಅಮ್ಮ, ಅಪ್ಪ ನಿನ್ನ ನೋಡೋಕೆ ಬಂದ ದಿನ ಏನಾಯ್ತು ಹೇಳು,” ಎನ್ನುತ್ತಾಳೆ. ನಿಜವಾಗಿಯೂ ತಿಳಿಯುವ ಆಸೆಯಿಂದಲೇ ಕೇಳುತ್ತಾಳೆ. ಫೋನು ಎಲ್ಲಿದೆ ಎಂದು ನಾನು ನೋಡುತ್ತೇನೆ. ಕೆಲವು ಸಲ ಊಟದ ಟೇಬಲ್ಲಿನ ಮೇಲೆ ಬೋರಲಾಗಿರುತ್ತದೆ, ಕೆಲವು ಸಲ ಆ ರೂಮಿನಲ್ಲೇ ಇರುವುದಿಲ್ಲ. ಅವಳಿಗೆ ಹೇಳಬೇಕೆಂದು ನನಗೂ ಅನ್ನಿಸುತ್ತದೆ. ಆ ದಿನ ನಡೆದದ್ದರಲ್ಲಿ ಒಳ್ಳೆಯ ನಗುವಿದೆ.

“ಏನಿತ್ತು ಹೇಳೋಕೆ? ಬಂದ್ರು, ಉಪ್ಪಿಟ್ಟು ತಿಂದ್ರು, ಹೋದ್ರು,” ಎನ್ನುತ್ತೇನೆ. “ಅನ್ನಕ್ಕೆ ಇಡ್ಲಾ?”