ತಳ ಕೆಂಪಾದ ಕಡುಬು

ಹೆಬ್ಬಾಳದ ಚೈನೀಸ್ ಹೋಟೆಲಿನಲ್ಲಿ ವೇಟರ್ ಸಣ್ಣದೊಂದು ಕಬ್ಬಿಣದ ಬಾಣಲೆಯನ್ನು ಹಾಗೇ ಮೇಜಿಗೆ ತಂದಿಟ್ಟು ಮುಚ್ಚಳ ತೆಗೆದ. ಎಣ್ಣೆಯಲ್ಲಿ ತಳ ಕೆಂಪಾದ ಹಿಟ್ಟಿನ ವಾಸನೆ ಮೊದಲು ಬಂತು, ಅದರ ಬೆನ್ನಿಗೇ ಹಸಿಶುಂಠಿ, ಈರುಳ್ಳಿ ಸೊಪ್ಪು... ಎಷ್ಟೋ ವರ್ಷದಿಂದ ನಾನು ಹುಡುಕುತ್ತಿದ್ದ ವಾಸನೆ ಅದು. ಇನ್ನೊಮ್ಮೆ ಉಸಿರೆಳೆದುಕೊಳ್ಳುವಷ್ಟರಲ್ಲಿ ನಮ್ಮ ಬೀದಿಯ ಸಂಘದ ಅಧ್ಯಕ್ಷರು ಒಂದನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದು, "ಏನ್ರೀ ಇದು, ನಮ್ಮ ಕಡುಬೇ ಅಲ್ವೇನ್ರೀ?" ಎಂದರು. ಸುತ್ತ ಕೂತವರೆಲ್ಲ ಹೌದೌದು ಎಂದು ತಲೆಯಾಡಿಸಿದರು.

ನನಗೆ ಮೈಯೆಲ್ಲ ಉರಿದುಹೋಯಿತು.

ಅವತ್ತು ಅಧ್ಯಕ್ಷರಿಗೆ ಎಪ್ಪತ್ತು ತುಂಬಿತ್ತು. ಬೆಳಿಗ್ಗೆ ಮನೆಯಲ್ಲಿ ಹೋಮ, ಸಂಜೆ ಅವರ ಮಗ ಬೀದಿಯವರಿಗೆಲ್ಲ ಇಲ್ಲಿ ಊಟ ಹಾಕಿಸುತ್ತಿದ್ದ. ಶುದ್ಧ ಸಸ್ಯಾಹಾರ ಎಂದು ಮೊದಲೇ ಹೇಳಿ ಮಾಡಿಸಿದ್ದಂತೆ. ಅದೇ ಅಡುಗೆಮನೆಯಲ್ಲಿ ಹಂದಿಯೂ ಬೇಯುತ್ತದೆ, ಪಕ್ಕದ ಮೇಜಿಗೆ ಹೋಗುತ್ತಿದ್ದುದನ್ನು ನಾನೇ ಕಂಡೆ. ಆದರೆ ಏಸಿ ಇದೆಯಲ್ಲ, ಮೈಲಿಗೆ ಒಳಗೆ ಬರುವುದಿಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಬೀದಿಗೆಲ್ಲ ಗೊತ್ತು. ಗೊತ್ತಿದ್ದೂ ಕರೆದಿದ್ದರು.

ಆ ವಾಸನೆಗೋಸ್ಕರ ನಾನು ಸುತ್ತದ ಜಾಗವಿಲ್ಲ. ಯಲಹಂಕ ನ್ಯೂ ಟೌನಿನಲ್ಲಿ ಒಬ್ಬ ಮಹಾನುಭಾವ ಮೊಮೊವನ್ನು ಎಣ್ಣೆಯಲ್ಲಿ ಮುಳುಗಿಸಿ ಕರಿದು, ನಾನು ಹುಡುಕುತ್ತಿದ್ದ ತಿಂಡಿಯ ಇಂಗ್ಲಿಷ್ ಹೆಸರು ಹೇಳಿ ಪಾಟ್‌ಸ್ಟಿಕರ್ ಎಂದು ತಂದಿಟ್ಟ. ಹಾಗಾದರೆ ಬೋಂಡಕ್ಕೂ ಅದೇ ಹೆಸರಿಡಪ್ಪ ಎಂದು ಹೇಳಿ ಎದ್ದು ಬಂದೆ. ಯಶವಂತಪುರದ ಒಂದು ಕಡೆ ಬರೀ ಹಬೆಯಲ್ಲಿ ಬೇಯಿಸಿ, ಮೇಲೆ ಮಯೊನೈಸ್ ಸುರಿದಿದ್ದರು. ತಿರುಗಿಸಿ ನೋಡಿದರೆ ತಳ ಜ್ವರ ಬಂದು ಎದ್ದವರ ಮುಖದ ಹಾಗೆ ಬಿಳಿಚಿಕೊಂಡಿತ್ತು. ಪುಟ್ಟೇನಹಳ್ಳಿ ಕೆರೆ ಹತ್ತಿರದ ಹೊಸ ಹೋಟೆಲಿನಲ್ಲಿ ತಳವೇನೋ ಕೆಂಪಗಿತ್ತು, ಒಳಗೆ ಹಸಿ ಹಿಟ್ಟು. ಇದೇನು ಬ್ರಹ್ಮವಿದ್ಯೆಯೇ? ಬಾಣಲೆಗೆ ಸ್ವಲ್ಪ ಎಣ್ಣೆ ಬಿಟ್ಟು, ಹೂರಣ ತುಂಬಿದ್ದನ್ನು ಸಾಲಾಗಿ ಕೂರಿಸಿ, ತಳ ಕೆಂಪಾದ ಮೇಲೆ ಒಂದಿಷ್ಟು ನೀರು ಹಾಕಿ ಮುಚ್ಚಳ ಮುಚ್ಚಬೇಕು. ನೀರು ಇಂಗುವ ಹೊತ್ತಿಗೆ ಮೇಲೆಲ್ಲ ಹಬೆಯಲ್ಲಿ ಬೆಂದು ಮೆತ್ತಗಾಗಿರುತ್ತದೆ, ತಳ ಮಾತ್ರ ಗರಿಗರಿ. ಇಷ್ಟಕ್ಕೂ ಯಾರಿಗೂ ತಾಳ್ಮೆಯಿಲ್ಲ. ತಾಳ್ಮೆಯ ವಿಷಯ ನಾನು ಮಾತಾಡುತ್ತಿದ್ದೇನೆ ಎಂದರೆ ಪರಿಸ್ಥಿತಿ ಎಲ್ಲಿಗೆ ಬಂದಿದೆ ನೋಡಿ.

ಅದನ್ನು ನನಗೆ ಮೊದಲು ತಿನ್ನಿಸಿದವರು ಅಕ್ಕ. ಆರ್.ಟಿ. ನಗರದ ನಮ್ಮ ಕ್ರಾಸಿನ ಮೂಲೆಯಲ್ಲಿ, ಇದೇ ಅಧ್ಯಕ್ಷರ ಮನೆಯ ಕೆಳಗಿನ ಮಳಿಗೆಯಲ್ಲಿ, ನಾಲ್ಕು ಮೇಜಿನ ಚೈನೀಸ್ ಹೋಟೆಲು ಇಟ್ಟಿದ್ದರು. ಅವರ ತಾತ ಚೀನಾದಿಂದ ಕೋಲ್ಕತ್ತಾಗೆ ಬಂದು ನೆಲೆಸಿದವರಂತೆ. ಇವರು ಮದುವೆಯಾಗಿ ಬೆಂಗಳೂರಿಗೆ ಬಂದು, ಗಂಡ ತೀರಿಹೋದ ಮೇಲೂ ಇಲ್ಲೇ ಉಳಿದು, ಆ ಹೋಟೆಲನ್ನೇ ನಂಬಿಕೊಂಡಿದ್ದರು. ನನಗಿಂತ ದೊಡ್ಡವರೋ ಚಿಕ್ಕವರೋ ಕೇಳಿದವಳಲ್ಲ. ಬೀದಿಗೆಲ್ಲ ಅಕ್ಕ, ನನಗೂ ಅಕ್ಕ.

ಮೊದಲ ದಿನ ನಾನು ಜಗಳಕ್ಕೇ ನಿಂತಿದ್ದೆ. ಪ್ಲೇಟಿನಲ್ಲಿ ಎಲ್ಲವೂ ಕವುಚಿ ಬಿದ್ದಿವೆ, ಮೇಲೆ ಮಾಡಿದ ತಳವೆಲ್ಲ ಕಂದು. ತಳ ಹಿಡಿದದ್ದನ್ನು ತಂದು ಕೊಡುತ್ತೀರಲ್ಲ, ದುಡ್ಡು ಕೊಡುವುದಿಲ್ಲವೇ ನಾವು ಎಂದು ಕೂಗಾಡಿದೆ. ಅಕ್ಕ ಒಲೆಯ ಹತ್ತಿರದಿಂದ ಬಂದು, ಸೀದಿಲ್ಲ, ಒಂದು ತಿಂದು ಆಮೇಲೆ ಬೈಯಿರಿ ಎಂದರು. ತಿಂದೆ. ಬೈಯುವ ಬದಲು ಇನ್ನೊಂದು ಪ್ಲೇಟು ಹೇಳಿದೆ. ಅಲ್ಲಿಂದ ಪ್ರತಿ ಶುಕ್ರವಾರ ಕಾಲೇಜಿನ ಆಫೀಸು ಮುಗಿಸಿ ನೇರ ಅಲ್ಲಿಗೆ ಹೋಗುತ್ತಿದ್ದೆ. ಸದ್ದಿಗೋಸ್ಕರ ಒಲೆಯ ಹತ್ತಿರದ ಮೇಜೇ ಬೇಕಿತ್ತು ನನಗೆ. ಮುಚ್ಚಳದೊಳಗೆ ಮೊದಲು ಚಟಪಟ, ಆಮೇಲೆ ಕುದಿ, ಆಮೇಲೆ ಮತ್ತೆ ಚಟಪಟ... ಆ ಎರಡನೆಯ ಚಟಪಟಕ್ಕೆ ಅಕ್ಕ ಮುಚ್ಚಳ ತೆಗೆಯುತ್ತಿದ್ದರು.

ತೆಗೆದವರೇ ಒಂದನ್ನು ತಾವು ತಿನ್ನುತ್ತಿದ್ದರು. ಪ್ರತಿ ಸಲ. ಬಾಣಲೆಯಿಂದ ಒಂದನ್ನು ತಿಂದು ನೋಡದೆ ಪ್ಲೇಟನ್ನು ಹೊರಗೆ ಬಿಟ್ಟವರೇ ಅಲ್ಲ. ಹೂರಣ ಬೆಂದಿದೆಯೋ ಇಲ್ಲವೋ ಹೊರಗಿನಿಂದ ಹೇಗೆ ಗೊತ್ತಾಗಬೇಕು ಎನ್ನುತ್ತಿದ್ದರು. ತಾನು ತಿಂದು ನೋಡದ್ದನ್ನು ಬೇರೆಯವರಿಗೆ ಕೊಡುವುದು ಅವರ ತಾಯಿಯ ಮನೆಯಲ್ಲಿ ಮರ್ಯಾದೆಗೇಡಿನ ಕೆಲಸವಂತೆ.

ಒಂದು ದಿನ ನಾನೇ ಹೇಳಿದೆ, ಇದು ನಮ್ಮ ಕಡುಬಿನ ದಾಯಾದಿ, ನಾವು ಕಾಯಿ ಬೆಲ್ಲ ತುಂಬಿ ಗಣೇಶನಿಗೆ ಇಪ್ಪತ್ತೊಂದು ಇಡುತ್ತೇವೆ ಎಂದು. ಅಕ್ಕನ ಮುಖ ಅರಳಿಬಿಟ್ಟಿತು.

"ಹಂಗಾದ್ರೆ ನಿಮ್ ದೇವ್ರಿಗೂ ಇದು ಇಷ್ಟಾನಾ ಮೇಡಂ?"

ಇಷ್ಟ ಎಂದೆ. ಏಲಕ್ಕಿ ಎಷ್ಟು, ಬೆಲ್ಲ ಎಷ್ಟು, ಎಲ್ಲ ಕೇಳಿ ತಿಳಿದುಕೊಂಡರು.

ಆ ವರ್ಷ ಗಣೇಶನ ಪೆಂಡಾಲು ಅವರ ಹೋಟೆಲಿನ ಎದುರಿಗೇ ಬಂತು. ಹಬ್ಬ ಮುಗಿಯುವವರೆಗೆ ಬಾಗಿಲು ಹಾಕಿ ಎಂದರು ಅಧ್ಯಕ್ಷರು. ವ್ಯಾಪಾರದ ದಿನಗಳು, ಆದರೂ ಅಕ್ಕ ಎರಡು ಮಾತಾಡಲಿಲ್ಲ. ಬಾಗಿಲು ಹಾಕಿಕೊಂಡು ಸುಮ್ಮನೆ ಕೂರಲೂ ಇಲ್ಲ. ಅಡುಗೆಮನೆಯನ್ನು ಗೋಡೆಯ ಸಮೇತ ತೊಳೆದು, ಹೊಸ ಬಾಣಲೆ ತಂದು, ಕಾಯಿ ತುರಿದು ಕಡುಬು ಮಾಡಿದರು. ತಮ್ಮ ರೀತಿಯಲ್ಲೇ, ತಳ ಕೆಂಪಗೆ. ತಟ್ಟೆಗೆ ಬಾಳೆ ಎಲೆ ಮುಚ್ಚಿ, ಸೀರೆ ಉಟ್ಟು, ಪೂಜೆಗೆ ಸರಿಯಾಗಿ ಪೆಂಡಾಲಿಗೆ ತಂದರು. ಅವರು ಸೀರೆ ಉಟ್ಟದ್ದನ್ನು ನಾನು ಕಂಡಿದ್ದು ಅದೊಂದೇ ಸಲ.

"ದೇವ್ರಿಗೆ ಸರ್," ಎಂದು ತಟ್ಟೆಯನ್ನು ಅಧ್ಯಕ್ಷರ ಕೈಗೆ ಕೊಟ್ಟರು. "ಒಂದು ತಿಂದು ನೋಡಿದೀನಿ, ಬೆಲ್ಲ ಕರೆಕ್ಟಾಗಿದೆ."

ನೈವೇದ್ಯಕ್ಕೆ ಮಾಡಿದ್ದನ್ನು ಮೊದಲು ಬಾಯಿಗೆ ಹಾಕಬಾರದು ಎಂದು ನಮ್ಮಲ್ಲಿ ಯಾರೂ ಯಾರಿಗೂ ಕೂರಿಸಿ ಹೇಳಿಕೊಡುವುದಿಲ್ಲ. ಈ ಗಾಳಿಯಲ್ಲೇ ಬೆಳೆದವರಿಗೆ ಗೊತ್ತಿರುತ್ತದೆ, ಅಷ್ಟೆ. ಹಿಂದಿನಿಂದ ಯಾರೋ 'ಎಂಜಲು' ಎಂದು ಪಿಸುಗುಟ್ಟಿದರು. ಅಧ್ಯಕ್ಷರು ಮಾತ್ರ ನಗುನಗುತ್ತಾ ಒಳ್ಳೆಯದಾಗಲಮ್ಮ ಎಂದು ತಟ್ಟೆ ಇಸಿದುಕೊಂಡರು. ಅಕ್ಕ ಕೈಮುಗಿದು, ಖುಷಿಯಿಂದಲೇ ಹೆಂಗಸರ ಜೊತೆ ನಿಂತರು. ಮಂಗಳಾರತಿ, ಊಟ ಎಲ್ಲ ಮುಗಿದ ಮೇಲೆ ತಟ್ಟೆ ವಾಪಸು ತೆಗೆದುಕೊಳ್ಳಲು ನಾವಿಬ್ಬರೂ ಪೆಂಡಾಲಿನ ಹಿಂದಕ್ಕೆ ಹೋದೆವು. ಊಟದ ಎಲೆಗಳ ರಾಶಿಯ ಮೇಲೆ ಅಷ್ಟೂ ಕಡುಬು ಬಿದ್ದಿದ್ದವು. ಒಂದೂ ಮುರಿದಿರಲಿಲ್ಲ.

ಗೊತ್ತಿಲ್ಲದೆ ಮಾಡಿದ್ದು. ದೇವರ ಮುಂದೆ ಇಡಬೇಡಿ, ಸರಿ, ನಾನೇನು ಶಾಸ್ತ್ರ ಬಿಟ್ಟವಳಲ್ಲ. ಪಕ್ಕಕ್ಕೆ ಕರೆದು, ಹೀಗೆ ಮಾಡಬಾರದಮ್ಮ ಎಂದು ಹೇಳಿ, ನಾವೇ ಹಂಚಿಕೊಂಡು ತಿಂದಿದ್ದರೆ ಯಾರ ಗಂಟು ಹೋಗುತ್ತಿತ್ತು? ಭಕ್ತೆ ಕಚ್ಚಿ ನೋಡಿ ಕೊಟ್ಟ ಹಣ್ಣನ್ನು ದೇವರೇ ತಿಂದ ಎಂಬ ಕಥೆಗೆ, ಅದೇ ಪೆಂಡಾಲಿನಲ್ಲಿ ಹರಿಕಥೆ ಕೇಳುತ್ತಾ ಕಣ್ಣೊರೆಸಿಕೊಳ್ಳುವ ಜನ ಇವರು. ನಾಚಿಕೆಯಾಗಬೇಡವೇ!

ನಾನು ಸೆರಗು ಸಿಕ್ಕಿಸಿಕೊಂಡು ಹೊರಟಿದ್ದೆ. ಮೈಕಿನಲ್ಲೇ ಉಗಿಯುತ್ತಿದ್ದೆ ಅವತ್ತು. ಅಕ್ಕ ನನ್ನ ಮುಂಗೈ ಹಿಡಿದುಕೊಂಡರು, ಬಳೆ ಒತ್ತುವಷ್ಟು ಗಟ್ಟಿಯಾಗಿ.

"ಬೇಡ ಮೇಡಂ. ಮಳಿಗೆ ಅವ್ರದ್ದು."

ಅಷ್ಟೇ ಹೇಳಿದ್ದು. ನಾನು ಬಾಯಿ ಮುಚ್ಚಿಕೊಂಡೆ. ಬಾಯಿ ಮುಚ್ಚಿಕೊಂಡು ಬದುಕಿದವಳಲ್ಲ ನಾನು, ಆದರೆ ಅವರ ಅನ್ನದ ಪ್ರಶ್ನೆ.

ಬಾಯಿ ಮುಚ್ಚಿಕೊಂಡದ್ದರಿಂದ ಏನೂ ಉಳಿಯಲಿಲ್ಲ. ಹಬ್ಬ ಮುಗಿದು ಹೋಟೆಲು ತೆರೆಯಿತು. ಅಷ್ಟರಲ್ಲಿ ದೇವರಿಗೆ ಎಂಜಲು ಇಟ್ಟ ಹೆಂಗಸು ಎಂಬ ಮಾತು ಕ್ರಾಸು ದಾಟಿ ಮೇನ್ ರೋಡಿಗೆ ಹೋಗಿತ್ತು. ಕರಾರು ಮುಗಿಯುತ್ತಲೇ ಅಧ್ಯಕ್ಷರು, ಮಳಿಗೆ ಮಗನಿಗೆ ಬೇಕು ಎಂದರು. ಮಗ ಒಂದು ದಿನವೂ ಬಂದು ಅಲ್ಲಿ ಕೂರಲಿಲ್ಲ. ಈಗ ಅಲ್ಲಿ ಬೇರೆ ಯಾರೋ ಮೊಬೈಲ್ ಕವರ್ ಮಾರುತ್ತಾರೆ. ಅಕ್ಕ ಬೇರೆ ಜಾಗ ಹುಡುಕಿ ಸೋತು, ಕೋಲ್ಕತ್ತಾದ ತಮ್ಮನ ಮನೆಗೆ ಹೊರಟರು. ಹೊರಡುವ ಮುಂಚೆ ನನಗೊಂದು ಪ್ಲೇಟು ಮಾಡಿಕೊಟ್ಟರು. ಒಂದನ್ನು ತಿಂದು ನೋಡಿಯೇ ಕೊಟ್ಟರು. ಇನ್ನು ನಾನು ಎಲ್ಲಿ ತಿನ್ನಲಿ ಎಂದು ಅವರ ಮೇಲೆಯೇ ರೇಗಿದೆ.

"ಇಷ್ಟು ದೊಡ್ಡ ಬೆಂಗ್ಳೂರು, ಯಾರಾದ್ರೂ ಚೆನ್ನಾಗ್ ಮಾಡೇ ಮಾಡ್ತಾರೆ," ಎಂದು ನಕ್ಕರು. "ಸಿಕ್ಕಿದ್ ದಿನ ಫೋನ್ ಮಾಡಿ ಮೇಡಂ. ನಾನೂ ಬಂದು ತಿಂತೀನಿ."

ಕೆಲವು ವರ್ಷ ಹಬ್ಬಕ್ಕೊಮ್ಮೆ ಮಾತಾಡುತ್ತಿದ್ದೆವು. ಸಿಕ್ತಾ ಎಂದು ಕೇಳುತ್ತಿದ್ದರು, ಇಲ್ಲ ಎನ್ನುತ್ತಿದ್ದೆ. ಆಮೇಲೆ ಆ ನಂಬರಿಗೆ ಫೋನ್ ಹೋಗುವುದು ನಿಂತಿತು. ತಮ್ಮನ ವಿಳಾಸ ನನ್ನ ಹತ್ತಿರ ಇರಲಿಲ್ಲ. ಇದ್ದಾರೋ, ಇಲ್ಲವೋ...

ಇದಿಷ್ಟನ್ನೂ ಮೊನ್ನೆ ಹೆಬ್ಬಾಳದ ಆ ಮೇಜಿನಲ್ಲೇ ಅಧ್ಯಕ್ಷರ ಮುಖಕ್ಕೆ ಹೇಳಿದೆ. ಕಾಪಾಡಲು ಈಗ ಮಳಿಗೆಯಿಲ್ಲ, ಮುಂಗೈ ಹಿಡಿಯುವವರೂ ಇಲ್ಲ. ನೀವು ಎಲೆಯ ರಾಶಿಗೆ ಸುರಿಸಿದ್ದು ಇದನ್ನೇ, ಈಗ ಕಡುಬು ಎಂದು ಕಣ್ಣು ಮುಚ್ಚಿ ತಿನ್ನುತ್ತಿದ್ದೀರಲ್ಲ, ಹೇಗೆ ಇಳಿಯುತ್ತದೆ ಗಂಟಲಲ್ಲಿ ಎಂದು ಕೇಳಿದೆ. ಅವರ ಮಗ ಫೋನು ನೋಡತೊಡಗಿದ. ಅಧ್ಯಕ್ಷರು ಹುಬ್ಬು ಗಂಟಿಕ್ಕಿಕೊಂಡು ನಿಜವಾಗಿಯೂ ಯೋಚಿಸಿದರು.

"ಯಾರಮ್ಮ ಅದು? ಮೊಬೈಲ್‌ನೋರಿಗೆ ಮುಂಚೆ ಅಲ್ಲಿ ಟೈಲರ್ ಇದ್ನಲ್ವಾ?"

ನಾಟಕವಲ್ಲ. ಸುಳ್ಳು ಹೇಳಿದ್ದರೆ ಇನ್ನೂ ನಾಲ್ಕು ಬೈದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆ ಮನುಷ್ಯನಿಗೆ ನೆನಪೇ ಇರಲಿಲ್ಲ. ಇಷ್ಟು ವರ್ಷ ನಾನು ಕಟ್ಟಿಕೊಂಡು ತಿರುಗಿದ ಸಿಟ್ಟು ಅವರಿಗೆ ಒಂದು ಟೈಲರ್ ಅಂಗಡಿಯಷ್ಟೂ ಲೆಕ್ಕಕ್ಕಿರಲಿಲ್ಲ. ಆರಿಹೋಗುತ್ತದೆ, ತಗೊಳ್ಳಿ ಎಂದು ಬಾಣಲೆಯನ್ನು ನನ್ನ ಕಡೆ ತಳ್ಳಿದರು.

ಒಂದು ತೆಗೆದುಕೊಂಡೆ. ತಿರುಗಿಸಿ ನೋಡಿ ಬಾಯಿಗೆ ಹಾಕಿಕೊಂಡೆ. ಮೇಲೆ ಮೆತ್ತಗೆ, ತಳ ಗರಿಗರಿ, ಒಳಗೆ ಹದವಾಗಿ ಬೆಂದಿತ್ತು. ಹಾಳಾದ್ದು, ಚೆನ್ನಾಗಿತ್ತು.

ಎದ್ದು ಹೊರಗೆ ಬಂದೆ. ಫ್ಲೈಓವರ್ ಮೇಲೆ ಗಾಡಿಗಳು ಏರ್‌ಪೋರ್ಟ್ ಕಡೆಗೆ ಹೋಗುತ್ತಿದ್ದವು. ಫೋನಿನಲ್ಲಿ ಇನ್ನೂ 'ಅಕ್ಕ' ಎಂದೇ ಇರುವ ನಂಬರನ್ನು ಒತ್ತಿದೆ. ಈ ಸಂಖ್ಯೆ ಚಾಲ್ತಿಯಲ್ಲಿಲ್ಲ ಎಂದು ಆ ಹೆಣ್ಣು ದನಿ ಎಂದಿನಂತೆ ಹೇಳಿತು. ಪೂರ್ತಿ ಹೇಳಿ ಮುಗಿಸಲಿ ಎಂದು ಕಾದು, "ಸಿಕ್ತು ಅಕ್ಕ," ಎಂದೆ.