ಪೆಟ್ರೋಲ್ ಮುಚ್ಚಳದ ವಿಭೂತಿ

ಅಬ್ಬಿಗೇರಿ ದಾಟುತ್ತಿದ್ದಂತೆ ನಮ್ಮ ಹಳೆಯ ಕಾರು ಮತ್ತೆ ಮುಗ್ಗರಿಸಿ, ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಗಜೇಂದ್ರಗಡದಲ್ಲಿ ನನ್ನ ಹೆಂಡತಿಯ ತಮ್ಮನ ಮಗಳ ತೊಟ್ಟಿಲ ಕಾರ್ಯಕ್ಕೆ ಇನ್ನು ಒಂದೇ ತಾಸು ಉಳಿದಿತ್ತು. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ ನನ್ನ ಪಕ್ಕದಲ್ಲೇ ಗಡಿಯಾರ ನೋಡುತ್ತ ಕುಳಿತಿದ್ದಳು. ಈ ಕೆಮ್ಮಿಗಾಗಿ ನಾನು ಮೂರು ಸಲ ಕಾರ್ಬೊರೇಟರ್ ಬಿಚ್ಚಿಸಿ ತೊಳೆಸಿದ್ದೆ. ಆದರೂ ನಾಲ್ಕಾರು ಮೈಲಿ ಹೋದ ಕೂಡಲೇ ಅದೇ ರಾಗ.

ಹಿಂದೆ ಬರುತ್ತಿದ್ದ ಟ್ರ್ಯಾಕ್ಟರಿನಿಂದ ಹಿರಿಯರೊಬ್ಬರು ಇಳಿದು ಬಂದರು. ಬಾನೆಟ್ಟಿನ ಕಡೆ ನೋಡದೆ ನೇರವಾಗಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುವಿದರು. ಸುಸ್ ಎಂದು ಗಾಳಿ ಒಳಗೆ ನುಗ್ಗಿತು. ಖಂಡೇನವಮಿಯ ಆಯುಧಪೂಜೆಗೆ ನನ್ನಾಕೆ ಬಳಿದಿದ್ದ ವಿಭೂತಿ ಮುಚ್ಚಳದ ಮೇಲೆ ಕಲ್ಲಿನಂತೆ ಕೂತಿತ್ತು.

“ಗಾಳಿ ಹೋಗೂ ತೂತ ಮುಚ್ಚೈತ್ರಿ. ಗಾಳಿ ಇಲ್ದ ಪೆಟ್ರೋಲ್ ಹ್ಯಾಂಗ ಇಳೀತೈತಿ?” ಎಂದರು.

“ಗಾಡಿ ಬಾಯಿ ಅಂತ ಹಚ್ಚೀನ್ರಿ. ವಿಭೂತಿ ಹಚ್ಚೂದೂ ತಪ್ಪೇನ್ರಿ?” ಎಂದಳು ಇವಳು.

“ತಪ್ಪಲ್ಲ ಬಿಡವಾ. ಆದ್ರ ಅದರ ಮೂಗೂ ಇಲ್ಲೇ ಐತಿ. ಮೂಗಿಗೇ ಗಿಲಾವು ಮಾಡಿದ್ರ ಹ್ಯಾಂಗ?”

ಅವಳ ಬಳೆಗೆ ಸಿಕ್ಕಿಸಿದ್ದ ಪಿನ್ನನ್ನು ಇಸಿದುಕೊಂಡು ಅವರು ತೂತು ಬಿಡಿಸಿಕೊಟ್ಟರು. ಗಜೇಂದ್ರಗಡದವರೆಗೆ ಕಾರು ಒಮ್ಮೆಯೂ ಕೆಮ್ಮಲಿಲ್ಲ. ನಾವು ಒಳಗೆ ಕಾಲಿಟ್ಟಾಗ ಕೂಸನ್ನು ಆಗಷ್ಟೇ ತೊಟ್ಟಿಲ ಬಳಿ ತಂದಿದ್ದರು.

ಖಂಡೇನವಮಿ ಬಂದರೆ ಅವಳು ಈಗಲೂ ಆ ಮುಚ್ಚಳಕ್ಕೆ ವಿಭೂತಿ ಹಚ್ಚುತ್ತಾಳೆ. ಹಚ್ಚಿದವಳೇ ಬಳೆಯ ಪಿನ್ನು ತೆಗೆದು ತೂತು ಬಿಡಿಸುತ್ತಾಳೆ. ಆರತಿ ಏನಿದ್ದರೂ ಆಮೇಲೆ.