ಊಟಕ್ಕೆ ಕೂತ ಲೆಹೆಂಗಾ

ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಬಯ್ಯುತ್ತಿದ್ದರು ನಮ್ಮ ಆಪಾ. ಒಂದೂ ಉದುರುತ್ತಿರಲಿಲ್ಲ! ರಾಯಚೂರಿನಲ್ಲಿ ಮದುವೆ ಬಟ್ಟೆಯ ಅಂಗಡಿ ಅವರದು. ನಾನು ದೇವದುರ್ಗದಿಂದ ಬಂದು ಅಲ್ಲೇ ಹೊಲಿಗೆ ಕಲಿತವಳು; ಎಲ್ಲರಂತೆ ನಾನೂ ಅವರನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದೆ. ಅತ್ತರು, ಕಣ್ಣಿಗೆ ಸುರ್ಮಾ, ಕೈತುಂಬ ಬಳೆ, ಆಪಾರ ಶೋಕಿಗೇನೂ ಕಡಿಮೆಯಿರಲಿಲ್ಲ. ಆದರೆ ಯಾವ ಉಡುಪೂ ಅಂಗಡಿ ಬಿಡುವ ಮುನ್ನ ಯಾರಾದರೂ ಅದನ್ನು ತೊಟ್ಟು, ಮಡಿಲಿಗೆ ಟವೆಲ್ ಹಾಸಿಕೊಂಡು, ನೆಲದ ಮೇಲೆ ಕೂತು ರೊಟ್ಟಿ ಉಣ್ಣಲೇಬೇಕು.

"ಒಮ್ಮಿ ಮಾನ್ವಿ ಮದುಮಗಳು ನಾ ಹೊಲಿದ ಬಟ್ಟ್ಯಾಗ ಕೂಡಾಕ ಬರದ, ತನ್ನ ಮದಿವ್ಯಾಗ ತಾನ ನಿಂತು ಉಂಡಳು, ಬೇಟಿ. ಆ ಪಾಪ ನನಗ ಸಾಕು," ಎನ್ನುತ್ತಿದ್ದರು.

ಹೈದರಾಬಾದಿನ ಫ್ಯಾಷನ್ ಶೋಗೆಂದು ನನ್ನ ಮೊದಲ ಉಡುಪುಗಳ ಕಲೆಕ್ಷನ್ ಮಾಡಿದೆ. ಆಯ್ಕೆಗೆ ವಿಡಿಯೊ ಕಳಿಸಿದರೆ ಸಾಕಿತ್ತು. ಕಂಪ್ಯೂಟರಿನಲ್ಲಿ ದುಪಟ್ಟಾ ಹಾರಿಸಿದೆ, ಜರಿಗೆ ಮಿಂಚು ಕೊಟ್ಟೆ. ಉಡುಪಿನ ಬೆನ್ನ ಹಿಂದೆ ಮಾತ್ರ ಬರೀ ಪಿನ್ನು, ಒಳಗೆಲ್ಲ ಅಂಟು. ಆಪಾ ಆ ವಿಡಿಯೊ ಮತ್ತೆ ಮತ್ತೆ ನೋಡಿದರು.

"ಮಾಶಾಅಲ್ಲಾ, ಭಾಳ ಚಂದ ಅದ! ಈಗ ಹಾಕ್ಕೊಂಡು ಉಣ್ಣಾಕ ಕೂಡು."

ಕೂತೆ. ಪರ್ರನೆ ಹರಿಯಿತು.

"ವಿಡಿಯೊದಾಗ ಯಾರೂ ಉಣ್ಣಂಗಿಲ್ಲ ಆಪಾ," ಎಂದು ರೇಗಿದೆ.

"ಹಾಕ್ಕೊಳ್ಳಾಕಿ ವಿಡಿಯೊದಾಗ ಇರಂಗಿಲ್ಲಲ್ಲ!"

ವಿಡಿಯೊ ಆಯ್ಕೆಯಾಯಿತು. ಕುಣಿದಾಡುವಷ್ಟರಲ್ಲೇ ಫೋನು ಬಂತು: ಬಟ್ಟೆಗಳನ್ನು ತನ್ನಿ, ದೊಡ್ಡ ಅಂಗಡಿಯ ಒಡತಿ ತೊಟ್ಟು ನೋಡಿ ಆರ್ಡರ್ ಕೊಡುತ್ತಾರೆ. ಪಿನ್ನು ಚುಚ್ಚಿದ ಬಟ್ಟೆಗಳನ್ನೆಲ್ಲ ಆಪಾರ ಮುಂದೆ ಸುರಿದೆ. ಇದು ಆಗದಿದ್ದರೆ ಹೊಲಿಗೆ ಬಿಟ್ಟು ಊರಿಗೆ ಮರಳುತ್ತೇನೆಂದು ಮನೆಯಲ್ಲಿ ಮಾತು ಕೊಟ್ಟಿದ್ದೆ. ಆಪಾ ಮದುವೆ ಸೀಸನ್ನಿನಲ್ಲೇ ಅಂಗಡಿಯ ಶಟರ್ ಎಳೆದು ನನ್ನ ಪಕ್ಕ ಕೂತರು. ಎಲ್ಲ ಬಿಚ್ಚಿ ಹೊಸದಾಗಿ ಹೊಲಿದೆವು. ಒಂದೊಂದನ್ನೂ ತೊಟ್ಟು ಉಂಡೆ. ರೊಟ್ಟಿ ಕಂಡರೆ ಸಾಕುಸಾಕಾಗಿತ್ತು.

ಹೈದರಾಬಾದಿನಲ್ಲಿ ಆ ಒಡತಿ ನನ್ನ ಕೆಂಪು ಲೆಹೆಂಗಾ ತೊಟ್ಟರು. ಕೂತರು, ಎದ್ದರು, ಚಹಾ ಕುಡಿದರು, ಫೋನಿನಲ್ಲಿ ಯಾರನ್ನೋ ಬಯ್ದರು. ಹಾಗೇ ಕಾರಿನತ್ತ ಹೊರಟಾಗ ನಾನೇ "ಮೇಡಂ, ಲೆಹೆಂಗಾ..." ಎಂದು ಕೂಗಬೇಕಾಯಿತು. ತೊಟ್ಟಿದ್ದನ್ನೇ ಮರೆತಿದ್ದರು! ನಗುತ್ತಾ ಆರ್ಡರ್ ಕೊಟ್ಟರು. ಅಬ್ಬಾ, ಎಷ್ಟೋ ದಿನಗಳ ಮೇಲೆ ಸರಿಯಾಗಿ ಉಸಿರಾಡಿದೆ.

"ಆಪಾ, ಆರ್ಡರ್ ಸಿಕ್ತು!" ಎಂದು ಫೋನ್ ಮಾಡಿದೆ.

"ಅಕಿ ಉಂಡಳೇನು?"

"ಚಹಾ ಕುಡದ್ರು."

"ಚಹಾ ನಿಂತೂ ಕುಡೀತಾರ," ಎಂದರು. ಆಮೇಲೆ ಎಲ್ಲವನ್ನೂ ಮೊದಲಿನಿಂದ ಇನ್ನೊಮ್ಮೆ ಹೇಳಿಸಿಕೊಂಡರು.

ಆಪಾ ತೀರಿಕೊಂಡು ವರ್ಷವಾಯಿತು. ರಾಯಚೂರಿನಲ್ಲೀಗ ನನ್ನದೇ ಅಂಗಡಿ. ಟ್ರಯಲ್ ರೂಮಿನ ಕನ್ನಡಿಯ ಮುಂದೆ ಚಾಪೆ ಹಾಸಿದ್ದೇನೆ. ಮೊನ್ನೆ ಮಾನ್ವಿಯಿಂದ ಬಂದ ಮದುಮಗಳೊಬ್ಬಳು ಮದುವೆಯ ಲೆಹೆಂಗಾದಲ್ಲೇ ಅದರ ಮೇಲೆ ಆರಾಮಾಗಿ ಕೂತು, ತಾಟು ಖಾಲಿ ಮಾಡಿ, ನನ್ನತ್ತ ಕೈ ಚಾಚಿದಳು.

"ಇನ್ನೊಂದು ರೊಟ್ಟಿ ಹಾಕ್ರಿ, ಅಕ್ಕಾ."